ಮೂವತ್ತೊಂದು ಕೃತಿ, ಒಂದೇ ಹೆಸರು

ಒಂದೇ ಹೆಸರಿನಡಿ ಮೂವತ್ತೊಂದು ಕೃತಿಗಳಿದ್ದವು. ಜೇನು ಸಾಕಣೆಯ ಕೈಪಿಡಿ, ಆರು ಪತ್ತೇದಾರಿ ಕಾದಂಬರಿ, ಮಕ್ಕಳಿಗೆ ರೇಖಾಗಣಿತ, ಟೀವಿ ಧಾರಾವಾಹಿಗಳ ಚಿತ್ರಕಥೆ, ಮೂಲವ್ಯಾಧಿಗೆ ಮನೆಮದ್ದು. ಗ್ರಂಥಾಲಯದ ಹಳೆಯ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಿದ ವರ್ಷ, ಯಾರೋ ಆ ಹೆಸರಿನವರನ್ನೆಲ್ಲ ಸೇರಿಸಿ ಒಬ್ಬನೇ ಮನುಷ್ಯ ಮಾಡಿಬಿಟ್ಟಿದ್ದರು. ಅವರನ್ನು ಮತ್ತೆ ಬೇರೆಬೇರೆ ಮಾಡುವುದು ನನ್ನ ಕೆಲಸ. ಶುಕ್ರವಾರದೊಳಗೆ ಮುಗಿಯಬೇಕಿತ್ತು.

ಅವಸರಕ್ಕೆ ಕಾರಣ ಅದೇ ಹೆಸರಿನ, ಧಾರಾವಾಹಿ ಬರೆಯುವವರು. ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು.

"ನೋಡಮ್ಮ, ಶೂಟಿಂಗಲ್ಲಿ ಲೈಟ್ ಹಿಡಿಯೋರು ಕೂಡ ನನ್ನನ್ನ ಮೂಲವ್ಯಾಧಿ ಡಾಕ್ಟ್ರೇ ಅಂತ ಕರೀತಾರೆ. ಹೀರೋಯಿನ್ನು ಎದುರಿಗೇ ನಗ್ತಾಳೆ. ಮರ್ಯಾದೆ ಅನ್ನೋದು ಬೇಡ್ವಾ?"

ನಮ್ಮ ವಿಭಾಗದ ಮುಖ್ಯಸ್ಥರಿಗೆ ಪೂರ್ಣವಿರಾಮ ಎಂದು ಅಡ್ಡಹೆಸರು. ಏನು ಹೇಳಿದರೂ ಕೊನೆಗೊಂದು "ಅಷ್ಟೇ" ಹಾಕುತ್ತಿದ್ದರು. ಅವರು ಬಂದು ಪಟ್ಟಿ ನೋಡಿದರು.

"ನಿಮ್ಮಪ್ಪನ ಹೆಸರೂ ಇದೇ ಅಲ್ವಾ? ಅವರದ್ದೇನಾದ್ರೂ ಇದೆಯೇನಮ್ಮಾ ಇದ್ರಲ್ಲಿ?"

"ನಮ್ಮಪ್ಪ ಮಾತಾಡೋದೇ ಅಪರೂಪ ಸಾರ್. ಇನ್ನು ಬರಿಯೋದು!"

"ಹಾಗಾದ್ರೆ ಬೇಗ ಮುಗ್ಸು. ಅಷ್ಟೇ."

ಇಪ್ಪತ್ತೊಂಬತ್ತನೆಯದು ಒಂದು ತೆಳ್ಳನೆಯ ಕಾದಂಬರಿ. ನೂರ ಹನ್ನೆರಡು ಪುಟ. ಲೇಖಕನ ಫೋಟೋ ಇಲ್ಲ, ಪರಿಚಯ ಇಲ್ಲ, ಅಚ್ಚು ಹಾಕಿದ ಪ್ರೆಸ್ಸು ಎಂದೋ ಮುಚ್ಚಿತ್ತು. ಯಾರದೆಂದು ತಿಳಿಯಲು ಏನಾದರೂ ಸುಳಿವು ಸಿಗಬಹುದೆಂದು ಓದತೊಡಗಿದೆ. ಕಥಾನಾಯಕ ನೀರು ಸರಬರಾಜು ಇಲಾಖೆಯವನು. ಕಬ್ಬಿಣದ ಸರಳನ್ನು ರಸ್ತೆಗೆ ಊರಿ, ಅದರ ತುದಿಗೆ ಕಿವಿ ಕೊಟ್ಟು, ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವವನು. ನಲವತ್ತನೇ ಪುಟದಲ್ಲಿ ಅವನು ಹೇಳುತ್ತಾನೆ: "ಸೋರುವ ನೀರು ಗದ್ದಲ ಮಾಡುವುದಿಲ್ಲ. ಅತ್ತು ಮುಗಿಸಿದ ಮಗುವಿನ ಹಾಗೆ ಬಿಕ್ಕುತ್ತದೆ."

ಪುಸ್ತಕ ಮುಚ್ಚಿ ಎದ್ದು ನಿಂತೆ. ಅಪ್ಪ ಮೂವತ್ತು ವರ್ಷ ಮಾಡಿದ್ದು ಅದೇ ಕೆಲಸ. ಚಿಕ್ಕವಳಿದ್ದಾಗ ನಾನೂ ಒಮ್ಮೆ ಸರಳಿಗೆ ಕಿವಿ ಕೊಟ್ಟಿದ್ದೆ. ಆಗ ಅಪ್ಪ ಹೇಳಿದ್ದು ಆ ಎರಡು ವಾಕ್ಯಗಳನ್ನೇ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ.

ಉಳಿದದ್ದನ್ನು ನಿಂತೇ ಓದಿದೆ, ಕೂರಲು ಆಗಲಿಲ್ಲ. ಕಾದಂಬರಿಯ ಆ ಮನುಷ್ಯ ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಬಿಟ್ಟು, ಊರಿನ ಇನ್ನೊಂದು ತುದಿಯಲ್ಲಿ ಟೈಪಿಂಗ್ ಕಲಿಸುವ ಹೆಂಗಸಿನ ಮನೆಗೆ ಹೋಗುತ್ತಾನೆ. ನನಗೆ ಮೂರು ವರ್ಷವಾಗಿದ್ದಾಗ ಅಪ್ಪನಿಗೆ ಹದಿನಾಲ್ಕು ತಿಂಗಳು ದೂರದೂರಿಗೆ ವರ್ಗವಾಗಿತ್ತು. ಮನೆಯಲ್ಲಿ ಹಾಗೆಂದೇ ಹೇಳುತ್ತಿದ್ದರು. ವರ್ಗವಾದ ಊರಿನ ಹೆಸರು ಕೇಳಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಆಗಲೇ ಫೋನ್ ಬಂತು.

"ಆ ಸಣ್ಣ ಕಾದಂಬರಿ ಇದೆಯಲ್ಲಮ್ಮ, ಪೈಪಿಂದು, ಅದನ್ನ ನನ್ನ ಲೆಕ್ಕಕ್ಕೇ ಹಾಕ್ಬಿಡು. ಹುಡುಗಾಟದ ವಯಸ್ಸಲ್ಲಿ ಏನೇನೋ ಗೀಚಿದೀನಿ, ಅದೂ ನಂದೇ ಇರ್ಬೇಕು. ಒಳ್ಳೆ ಧಾರಾವಾಹಿ ಆಗುತ್ತೆ."

"ಫಾರಂ ತುಂಬಬೇಕು ಸಾರ್. ಬರೆಯುವಾಗ ಕಣ್ಣಾರೆ ನೋಡಿದವರ ಸಾಕ್ಷಿನೂ ಬೇಕು."

"ನಮ್ಮ ಭಾವಮೈದ ಇದ್ದಾನೆ ಬಿಡು. ತೋರಿಸಿದ ಕಡೆ ಸಹಿ ಹಾಕ್ತಾನೆ, ಪಾಪ."

ಆ ಸಂಜೆ ಎರಡು ಸ್ಟಾಪ್ ಮೊದಲೇ ಬಸ್ಸಿಳಿದು ನಡೆದೆ. ಒಂದೇ ಬೀದಿಯನ್ನು ಎರಡು ಸಲ ಸುತ್ತಿದೆ. ಮನೆಗೆ ಬಂದಾಗ ಅಪ್ಪ ಹಿತ್ತಲ ಬಾಗಿಲ ಚಿಲಕ ಬಿಚ್ಚಿ ಎಣ್ಣೆ ಹಾಕುತ್ತಿದ್ದ. ಪುಸ್ತಕವನ್ನು ಅವನ ಮುಂದಿಟ್ಟೆ.

"ಅಪ್ಪ, ಇದು ನಿಂದಾ?"

ಅವನು ಕೈ ಒರೆಸಿಕೊಂಡ. ಪುಸ್ತಕ ಮುಟ್ಟಲಿಲ್ಲ.

"ಆ ಹೆಸರಿನವರು ಊರು ತುಂಬ ಇದಾರೆ."

"ಧಾರಾವಾಹಿಯವರು ಇದು ತಮ್ದು ಅಂತ ಅರ್ಜಿ ಹಾಕ್ತಿದಾರೆ. ಶುಕ್ರವಾರ ಅವರ ಹೆಸರಿಗೇ ಹೋಗತ್ತೆ."

ಅಪ್ಪ ಚಿಲಕ ಕೆಳಗಿಟ್ಟ. ಹಿತ್ತಲಿಗೆ ಹೋದ, ಒಳಗೆ ಬಂದ, ಮತ್ತೆ ಹೋದ. ಐದನೇ ಸಲ ಒಳಗೆ ಬಂದವನು ಕೇಳಿದ: "ನಾನು ಏನು ಮಾಡ್ಬೇಕು?"

ಮರುದಿನ ಫಾರಂ ತಂದುಕೊಟ್ಟೆ. ಹುಟ್ಟಿದ ತಾರೀಖು, ಉದ್ಯೋಗ, ಬರೆದ ವರ್ಷ ಎಲ್ಲವನ್ನೂ ತನ್ನ ಗುಂಡನೆಯ ಅಕ್ಷರದಲ್ಲಿ ನಿಧಾನವಾಗಿ ತುಂಬಿದ. ಸಾಕ್ಷಿಯ ಕಾಲಂಗೆ ಬಂದಾಗ ಪೆನ್ನು ನಿಂತಿತು. ಅದರಲ್ಲಿ ಎರಡು ಪ್ರಶ್ನೆ: ಲೇಖಕರಿಗೆ ತಾವು ಏನಾಗಬೇಕು? ಕೃತಿಯನ್ನು ಬರೆಯುತ್ತಿದ್ದಾಗ ತಾವು ನೋಡಿದ್ದೀರಾ?

ಫಾರಂ ಹಿಡಿದು ಅಡುಗೆಮನೆಗೆ ಹೋದ. ನಾನು ಬಾಗಿಲಲ್ಲೇ ನಿಂತೆ. ಅಮ್ಮ ಸೊಪ್ಪು ಸೋಸುತ್ತಿದ್ದಳು. ಕನ್ನಡಕ ಹಾಕಿಕೊಂಡು ಓದಿದಳು, ಕೊನೆಯವರೆಗೂ.

"ಆ ವರ್ಷ ಬರ್ದಿದ್ದಾ?"

"ಹ್ಞೂಂ."

"ಅದನ್ನ ನೋಡಿದ್ದು ನಾನಲ್ಲ. ನೋಡಿದವರ ಹತ್ರ ಹೋಗಿ ಹಾಕಿಸ್ಕೊಂಡು ಬನ್ನಿ."

"ಅವಳಿಲ್ಲ," ಎಂದ ಅಪ್ಪ. "ತೀರಿಹೋಗಿ ನಾಲ್ಕು ವರ್ಷ ಆಯ್ತು."

ಅಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು.

"ನಾಲ್ಕು ವರ್ಷ. ಎಣಿಸ್ಕೊಂಡು ಕೂತಿದ್ರಾ?"

ನಮ್ಮ ಮನೆಯಲ್ಲಿ ಮೌನ ಹೊಸದಲ್ಲ. ಆದರೆ ಇದು ನಾನು ಈವರೆಗೆ ಕೇಳಿರದ ಮೌನವಾಗಿತ್ತು. ಅದರಲ್ಲಿ ಇಬ್ಬರೂ ಒಂದೇ ವಿಷಯ ಯೋಚಿಸುತ್ತಿದ್ದರು.

"ಕೊಡಿ ಇಲ್ಲಿ," ಎಂದಳು ಅಮ್ಮ. ಸೆರಗಿಗೆ ಕೈ ಒರೆಸಿ, ಪೆನ್ನು ತೆಗೆದುಕೊಂಡು, ಮೊದಲ ಪ್ರಶ್ನೆಗೆ "ಹೆಂಡತಿ" ಎಂದು ಬರೆದಳು. ಎರಡನೆಯದಕ್ಕೆ "ಇಲ್ಲ". ಕೆಳಗೆ ಸಹಿ ಹಾಕಿದಳು.

"ಅಮ್ಮಾ, ಇಲ್ಲ ಅಂದ್ರೆ ಫಾರಂ ಪಾಸಾಗಲ್ಲ. ಹೌದು ಅಂತ ಒಂದು ಮಾತು…"

"ನೋಡಿಲ್ಲ ಕಣೇ. ನೋಡಿದೀನಿ ಅಂತ ಹೇಗೆ ಬರೀಲಿ? ಆ ಹದಿನಾಲ್ಕು ತಿಂಗಳು ನಾನೇನು ನೋಡಿದೀನಿ ಅಂತ ನಂಗೊತ್ತು."

ನಾನು ಅಪ್ಪನ ಕಡೆ ತಿರುಗಿದೆ. ಅವನು ಒಂದು ಮಾತು ಕೇಳಿದ್ದರೆ ಅಮ್ಮ ತಿದ್ದುತ್ತಿದ್ದಳೋ ಏನೋ. ಅವನು ಅವಳ ಸಹಿಯನ್ನೇ ನೋಡುತ್ತಿದ್ದ. ಆಮೇಲೆ ಕಾಗದವನ್ನು ಮಡಚಿ ನನ್ನ ಕೈಗಿಟ್ಟ.

"ಹಾಗೇ ಕೊಡು. ಅವಳು ಬರ್ದಿರೋದು ಸರಿಯಾಗಿದೆ."

ಶುಕ್ರವಾರ ಪೂರ್ಣವಿರಾಮ ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಭಾವಮೈದ ಎಲ್ಲ ಕಾಲಂನಲ್ಲೂ "ಹೌದು" ಎಂದು ಬರೆದಿದ್ದ. ಕಾದಂಬರಿಯಲ್ಲಿ ಬರುವ ಕೆಲಸ ಅಪ್ಪನದೇ ಎಂದು ಹೇಳಿದೆ. ಆ ವಾಕ್ಯಗಳ ವಿಷಯವನ್ನೂ ಹೇಳಿದೆ.

"ನನಗೂ ಅರ್ಥ ಆಗತ್ತಮ್ಮ," ಎಂದರು. "ಆದ್ರೆ ಮಗಳ ಮಾತು ಸಾಕ್ಷಿ ಆಗಲ್ಲ, ಹೆಂಡತೀನೇ ನೋಡಿಲ್ಲ ಅಂತ ಬರ್ದಿದಾರೆ. ಪೂರ್ತಿ ಇರೋದು ಅವರ ಫಾರಮ್ಮು." ಆ ದಿನ ಅವರು "ಅಷ್ಟೇ" ಎನ್ನಲಿಲ್ಲ.

ಮೂವತ್ತೊಂದು ಕೃತಿಗಳು ಏಳು ಜನರಿಗೆ ಹಂಚಿಹೋದವು. ಅಪ್ಪ ಆ ಏಳರಲ್ಲಿ ಇರಲಿಲ್ಲ.

ಮನೆಯಲ್ಲಿ ಇಬ್ಬರೂ ಊಟಕ್ಕೆ ನನ್ನನ್ನು ಕಾಯುತ್ತಿದ್ದರು. ಹೇಳಿದೆ. ಅಪ್ಪ ತಲೆಯಾಡಿಸಿ ನೀರಿನ ಲೋಟ ಎತ್ತಿಕೊಂಡ. ಅಮ್ಮ ಅವನ ತಟ್ಟೆಗೆ ಅನ್ನ ಬಡಿಸಿದಳು. ಬಡಿಸುತ್ತ, ತಲೆಯೆತ್ತದೆ ಕೇಳಿದಳು:

"ಅವರು ಅದನ್ನ ಧಾರಾವಾಹಿ ಮಾಡ್ತಾರಂತಲ್ಲ. ಕೊನೇಲಿ ಆ ಗಂಡ ಮನೆಗೆ ವಾಪಸ್ ಬರ್ತಾನಾ?"

ಅಪ್ಪ ಲೋಟ ಕೆಳಗಿಟ್ಟ.

"ಪುಸ್ತಕದಲ್ಲಿ ಬರಲ್ಲ," ಎಂದ.