ನಾಲ್ಕು ಸಾವಿರ ಅಡಿಯಲ್ಲಿ

ಅಲ್ಲ ಎಂದು ಹೇಳಿಬಿಡಲು ಅದೇ ಸರಿಯಾದ ಗಳಿಗೆಯಾಗಿತ್ತು. ತಿಪ್ಪೇರುದ್ರಸ್ವಾಮಿ ಮಜ್ಜಿಗೆಯ ಲೋಟವನ್ನು ಬಾಯಿಗಿಟ್ಟುಕೊಂಡ.

“ವಿಮಾನ ಏರೋದನ್ನ ನೀವೇ ತಡೆದ್ರಂತಲ್ಲ,” ಎಂದರು ಸರ್ವಮಂಗಳಮ್ಮ. “ಇಲ್ದಿದ್ರೆ ಇವರು ಇವತ್ತು ಇಲ್ಲಿ ಕುಂತಿರ್ತಿರಲಿಲ್ಲ. ನಿಮ್ಮನ್ನ ಒಂದ್ಸಲ ನೋಡಬೇಕು ಅಂತ ಬಾಳ ಇತ್ತು ನಂಗೆ.”

ಅವರ ಗಂಡ ಕ್ಯಾಪ್ಟನ್ ಮುರುಗೇಶಪ್ಪ ಕಿಟಕಿಯ ಹತ್ತಿರ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷ ವಿಮಾನ ಹಾರಿಸಿ, ಹೋದ ತಿಂಗಳಷ್ಟೇ ನಿವೃತ್ತರಾಗಿ ಹೊನ್ನಾಳಿಗೆ ಬಂದಿದ್ದರು. ಇಲ್ಲಿ ಅವರು ಬನಿಯನ್, ಪಂಚೆ ತೊಟ್ಟ ಒಬ್ಬ ಮನುಷ್ಯ.

ಜಗಳೂರಿನಿಂದ ಹೊರಟು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬಂದಿದ್ದ ರುದ್ರಸ್ವಾಮಿಯ ಜೇಬಿನಲ್ಲಿ ಕಂಪನಿಯ ಪತ್ರವಿತ್ತು. ಸಹಚಾಲಕ ತಿಪ್ಪೇರುದ್ರಸ್ವಾಮಿಯವರ ಸಮಯಪ್ರಜ್ಞೆಯಿಂದ ಎಂಬತ್ತಾರು ಪ್ರಯಾಣಿಕರ ಜೀವ ಉಳಿಯಿತು ಎಂದು ಅದರಲ್ಲಿ ಬರೆದಿತ್ತು. ಅಪ್ಪ ಅದಕ್ಕೆ ಫ್ರೇಮು ಹಾಕಿಸುವ ಯೋಚನೆಯಲ್ಲಿದ್ದರು. ಮುಂದಿನ ತಿಂಗಳಿಂದ ಅವನೂ ಕ್ಯಾಪ್ಟನ್.

ನಡೆದದ್ದು ಬೇರೆ.

ಎಂಬತ್ತನಾಲ್ಕರ ಫೆಬ್ರವರಿಯ ಒಂದು ಬೆಳಿಗ್ಗೆ. ಆ ನಿಲ್ದಾಣದಿಂದ ಹೊರಡುವ ದಾರಿಯ ನಕ್ಷೆಯಲ್ಲಿ, ಹತ್ತನೆಯ ಮೈಲಿ ದಾಟುವವರೆಗೆ ನಾಲ್ಕು ಸಾವಿರ ಅಡಿ ಮೀರಬಾರದೆಂದು ಸಣ್ಣ ಅಕ್ಷರದಲ್ಲಿತ್ತು. ನೆಲ ಬಿಟ್ಟ ಮೇಲೆ ಕಂಟ್ರೋಲ್ ಟವರಿನವನು, ಒಂಬತ್ತು ಸಾವಿರಕ್ಕೆ ಏರಿ ಎಂದ. ನಾಲ್ಕರ ಮಿತಿ ರದ್ದಾಯಿತೋ, ಹಾಗೇ ಉಳಿಯಿತೋ ಅವನು ಹೇಳಲಿಲ್ಲ. ಯಾವತ್ತೂ ಹೇಳುತ್ತಿರಲಿಲ್ಲ. ಚಾಲಕರು ಈ ಬಗ್ಗೆ ಕ್ಯಾಂಟೀನಿನಲ್ಲಿ ಜಗಳವಾಡುತ್ತಿದ್ದರು. ರೇಡಿಯೋದಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಸುತ್ತಲಿನ ವಿಮಾನಗಳಲ್ಲಿದ್ದವರಿಗೆಲ್ಲ ಕೇಳಿಸುತ್ತದೆ.

“ಒಂಬತ್ತು ಅಂದ್ರಲ್ಲ ಸರ್, ಏರೋಣ,” ಎಂದಿದ್ದ ರುದ್ರಸ್ವಾಮಿ.

“ತಡಿ. ಕೇಳು ಅವರನ್ನ.”

ಅವನು ಮೈಕು ಹಿಡಿದು ಸುಮ್ಮನೆ ಕೂತ. ಮುರುಗೇಶಪ್ಪ ನಾಲ್ಕು ಸಾವಿರದಲ್ಲೇ ವಿಮಾನವನ್ನು ಏರಿಸದೆ ಸಮವಾಗಿ ಹಾರಿಸುತ್ತ, ತಾವೇ ಕೇಳಿದರು: ನಮಗೆ ಅರ್ಥವಾಗಲಿಲ್ಲ, ದಯವಿಟ್ಟು ಬಿಡಿಸಿ ಹೇಳಿ. ಮೊದಲ ದಿನದ ಕಲಿಯುವವನಂತೆ. ರೇಡಿಯೋದಲ್ಲಿ ಯಾರೋ ನಕ್ಕರು. ರುದ್ರಸ್ವಾಮಿಗೆ ಅವರ ಪಕ್ಕ ಕೂತಿರುವುದಕ್ಕೇ ನಾಚಿಕೆಯಾಯಿತು.

ಉತ್ತರ ಬರುವ ಮೊದಲೇ ತಲೆಯ ಮೇಲೆ ಮೋಡ ಸೀಳಿಕೊಂಡು ಇನ್ನೊಂದು ವಿಮಾನ ಹಾದುಹೋಯಿತು. ರೆಕ್ಕೆಯ ಕೆಳಗೆ ಬರೆದ ಅಕ್ಷರಗಳನ್ನು ಓದಬಹುದಾದಷ್ಟು ಹತ್ತಿರ.

“ಹತ್ತು ಮೈಲಿ ಆಯ್ತು. ಈಗ ಏರೋಣ,” ಎಂದರು ಮುರುಗೇಶಪ್ಪ. ಅಷ್ಟೇ.

ಸರ್ವಮಂಗಳಮ್ಮ ರೊಟ್ಟಿ ತಟ್ಟಲು ಒಳಗೆ ಹೋದರು.

“ಕಂಪನಿಗೆ ಕೊಟ್ಟ ವರದಿಯಲ್ಲಿ ಹಂಗ್ಯಾಕೆ ಬರೆದ್ರಿ ಸರ್?”

“ಹೆಂಗೆ?”

“ನಾನು ಎಚ್ಚರಿಸಿದೆ ಅಂತ.”

ಕ್ಯಾಪ್ಟನ್ ಉಗುರಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡರು. “ನಿನ್ನ ವಯಸ್ನಾಗೆ ನಾನೂ ಇಂಥದ್ದೇ ಒಂದು ಕಡೆ ಏರಿಬಿಟ್ಟಿದ್ದೆ. ಕೇಳಾಕೆ ನಾಚಿಕೆ. ಮೇಲೆ ಯಾರೂ ಇರಲಿಲ್ಲ, ಅಷ್ಟೇ.”

“ಪತ್ರ ವಾಪಸ್ ಕೊಡ್ತೀನಿ.”

“ಕೊಟ್ರೆ ಯಾರಿಗೇನು ಬಂತು? ಬರೋ ತಿಂಗಳು ನನ್ನ ಸೀಟ್ನಾಗೆ ಕೂರೋನು ನೀನು. ಒಂದೇ ಮಾತು ಹೇಳು. ತಿಳೀದಿದ್ರೆ ಕೇಳ್ತೀಯಾ?”

ರುದ್ರಸ್ವಾಮಿ ತಲೆಯಾಡಿಸಿದ. ಬಾಯಿಂದ ಹೌದೆನ್ನಲು ಆಗಲಿಲ್ಲ. ಕ್ಯಾಪ್ಟನ್ ಅವನ ಮುಖವನ್ನು ಒಂದು ಕ್ಷಣ ನೋಡಿ, ನೋಯಿಸಬಾರದೆಂಬಂತೆ ಕಿಟಕಿಯ ಕಡೆ ತಿರುಗಿದರು. ಇಷ್ಟು ದೊಡ್ಡ ಮನುಷ್ಯನನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಅದಕ್ಕೇ ಅಲ್ಲಿ ಕೂರಲಾಗಲಿಲ್ಲ.

“ಉಂಡು ಹೋಗ್ರಿ,” ಒಳಗಿನಿಂದ ದನಿ ಬಂತು.

“ಬಸ್ಸಿಗೆ ಹೊತ್ತಾಯ್ತು ಅಮ್ಮ.”

ಹೊತ್ತಾಗಿರಲಿಲ್ಲ. ಒಂದು ಗಂಟೆ ಕಾದ ಮೇಲೆ ದಾವಣಗೆರೆಯ ಬಸ್ಸು ಕಿಕ್ಕಿರಿದು ಬಂತು.

“ಒಳಗೆ ಜಾಗ ಇಲ್ಲ, ಮೇಲೆ ಹತ್ರಿ,” ಎಂದ ಕಂಡಕ್ಟರ್, ಅವನ ಕಡೆ ನೋಡದೆ.

ಮೇಲೆ ಜಾಗವಿದೆಯೇ ಎಂದು ಕೇಳಬೇಕೆನಿಸಿತು. ಸುತ್ತ ಜನ ನಿಂತಿದ್ದರು. ಕೇಳದೆ ಹಿಂಬದಿಯ ಕಬ್ಬಿಣದ ಏಣಿ ಹತ್ತಿದ. ಕೊನೆಯ ಮೆಟ್ಟಿಲಿಗೆ ಬಂದಾಗ ಕಣ್ಣೆದುರಿಗೆ, ಟಾಪಿನ ತುಂಬ, ಒತ್ತಿಕೊಂಡು ಕೂತವರ ಬರಿಗಾಲುಗಳು. ಯಾರೂ ಸರಿಯಲಿಲ್ಲ. ಇಳಿಯಬೇಕೆನ್ನುವಷ್ಟರಲ್ಲಿ ಬಸ್ಸು ಹೊರಟಿತು. ಕೆಳಗೆ ರಸ್ತೆ ಹಿಂದಕ್ಕೆ ಓಡತೊಡಗಿತು. ಎರಡೂ ಕೈಯಿಂದ ಕಂಬಿಯನ್ನು ಬಿಗಿಯಾಗಿ ಹಿಡಿದ. ಮೇಲೆ ಯಾರೋ ಆಸರೆಗೆಂದು ಹಿಮ್ಮಡಿಯನ್ನು ಅವನ ಬೆರಳುಗಳ ಮೇಲೆ ಊರಿ, ಹಾಗೇ ಮಾತು ಮುಂದುವರಿಸಿದರು.