ಬೆಳಗಿನ ಪುಳಿಯೋಗರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅರಿವಳಿಕೆ ಕೊಡುವ ಡಾಕ್ಟರಿಗೆ ಅದು ಒಳ್ಳೆಯದಲ್ಲವಂತೆ. ಹೇಳುವವರು ಹೇಳಲಿ. ಶಂಕರಪುರಂನ ಈ ಸಣ್ಣ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ಮಕ್ಕಳನ್ನು ಮಲಗಿಸಿ, ಎಬ್ಬಿಸಿ, ಹೆತ್ತವರ ಕೈಗೆ ಕೊಟ್ಟಿದ್ದೇನೆ.

ಅವತ್ತು ಒಂಬತ್ತು ಗಂಟೆಗೆ ಐದು ವರ್ಷದ ಆರಾಧನಾಗೆ ಹರ್ನಿಯಾ ಆಪರೇಷನ್. ರಾತ್ರಿ ಊಟವಾದ ಮೇಲೆ ಏನೂ ಕೊಡಬೇಡಿ, ಬೆಳಿಗ್ಗೆ ಏಳರವರೆಗೆ ಬರೀ ನೀರು ಎಂದು ಹಿಂದಿನ ದಿನವೇ ಹೇಳಿದ್ದೆ.

"ಏನಾದ್ರೂ ತಿಂದಿದ್ದಾಳಾ?"

"ಒಂದಗಳೂ ಇಲ್ಲ ಡಾಕ್ಟ್ರೇ," ಎಂದರು ಅವಳ ಅಜ್ಜಿ ಆಂಡಾಳ್.

ಮಾಸ್ಕ್ ಹಿಡಿಯುವ ಮುಂಚೆ ಮಕ್ಕಳ ಜೊತೆ ಒಂದಿಷ್ಟು ಆಟವಾಡುವುದು ನನ್ನ ಪದ್ಧತಿ. "ಎಲ್ಲಿ, ಜೋರಾಗಿ ಊದು ನೋಡೋಣ," ಎಂದೆ. ಊದಿದಳು. ಅಯ್ಯೋ ದೇವರೇ, ಹುಣಸೆ, ಇಂಗು, ಕಡಲೆಕಾಯಿ ಬೀಜದ ಘಮ!

"ಪುಟ್ಟಾ, ಬೆಳಿಗ್ಗೆ ಏನ್ ತಿಂದೆ?"

"ಪುಳಿಯೋಗರೆ. ಎರಡು ಸಲ ಹಾಕಿಸ್ಕೊಂಡೆ!"

ಅಜ್ಜಿ ತಬ್ಬಿಬ್ಬಾಗಲೇ ಇಲ್ಲ. "ಅದು ದೇವಸ್ಥಾನದ್ದು ಡಾಕ್ಟ್ರೇ. ಇವಳ ಹೆಸರಲ್ಲಿ ಅರ್ಚನೆ ಮಾಡಿಸಿ, ಆರೂವರೆಗೆ ತಂದು ಕೊಟ್ಟೆ. ಪ್ರಸಾದ ಎಲ್ಲಾದ್ರೂ ಊಟದ ಲೆಕ್ಕಕ್ಕೆ ಬರುತ್ತಾ?"

"ಹೊಟ್ಟೆಗೆ ಅದು ಅನ್ನಾನೇ ಅಮ್ಮಾ!" ನನ್ನ ದನಿ ಕಾರಿಡಾರಿನ ತುದಿಗೂ ಕೇಳಿಸಿರಬೇಕು. "ಮಲಗಿಸಿದ್ಮೇಲೆ ಗಂಟಲಿಗೆ ಕಾವಲಿರಲ್ಲ. ತಿಂದಿದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಮಗು ಜೀವಕ್ಕೇ ಕುತ್ತು!"

ಆಕೆಯ ಮುಖ ಬಿಳಿಚಿಕೊಂಡಿತು.

ಸರ್ಜನ್ ಮಹಾನಂದ ಗಡಿಯಾರ ನೋಡಿದರು. "ಶ್ವಾಸನಾಳಕ್ಕೆ ಕೊಳವೆ ಇಳಿಸಿ ಮುಗಿಸ್ಬಿಡೋಣ ಮೇಡಂ. ಇವತ್ತಿನ ಲಿಸ್ಟೆಲ್ಲಾ ಕೆಡುತ್ತೆ."

"ಕೊಳವೆ ಇಳಿಸೋ ಹೊತ್ತಲ್ಲೇ ವಾಂತಿ ಆದ್ರೆ? ಕರುಳೇನೂ ಸಿಕ್ಕಿಹಾಕ್ಕೊಂಡಿಲ್ಲ, ಅರ್ಜೆಂಟೂ ಇಲ್ಲ. ಹೊಟ್ಟೆ ಖಾಲಿ ಆಗ್ಲಿ, ಗಂಟಲಲ್ಲಿ ಕೂರೋ ಮೆತ್ತನೆ ಮಾಸ್ಕೇ ಸಾಕು. ಮೂರು ಗಂಟೆಗೆ ಮಾಡೋಣ. ಆಗಲ್ಲ ಅಂದ್ರೆ ನೀವೇ ಮಲಗಿಸ್ಕೊಳ್ಳಿ!"

ಮಹಾನಂದ ಎರಡೂ ಕೈ ಮೇಲೆತ್ತಿ ನಕ್ಕುಬಿಟ್ಟರು. ನನ್ನ ಹಟ ಅವರಿಗೆ ಹೊಸದಲ್ಲ.

ಮಧ್ಯಾಹ್ನ ಆರಾಧನಾ ವಾರ್ಡಿನ ತುಂಬ ಕುಂಟಾಬಿಲ್ಲೆ ಆಡುತ್ತಿದ್ದಳು. ಅಜ್ಜಿ ಮಾತ್ರ ಮೂಲೆಯ ಬೆಂಚಿನಲ್ಲಿ ಮುದುರಿ ಕೂತಿದ್ದರು. ಅಷ್ಟು ಕೂಗಾಡಬಾರದಿತ್ತು ಅನ್ನಿಸಿ ಒಂದು ಲೋಟ ಕಾಫಿ ತಂದು ಹಿಡಿದೆ.

"ಆಪರೇಷನ್ ಆಗಿ ಅವಳು ಕಣ್ಣು ಬಿಡೋವರ್ಗೂ ಬೇಡಮ್ಮಾ. ಒಳ್ಳೇದಾಗ್ಲಿ ಅಂತ ಹೋಗಿ, ನನ್ನ ಕೈಯಾರೆ ಎಂಥ ಕೆಲಸ ಮಾಡ್ಬಿಡ್ತಿದ್ದೆ!"

ಲೋಟ ಬೆಂಚಿನ ಮೇಲಿಟ್ಟೆ. ಪಕ್ಕದಲ್ಲೇ ಕೂತೆ.

ಮೂರು ಗಂಟೆಗೆ ಶುರು ಮಾಡಿದೆವು. ಮಾಸ್ಕ್ ಗಂಟಲಲ್ಲಿ ಸಲೀಸಾಗಿ ಕೂತಿತು. ಮಹಾನಂದರ ಕೆಲಸ ಹೂವೆತ್ತಿದಂತೆ ಮುಗಿಯಿತು. ಮಾಸ್ಕ್ ತೆಗೆದು ಅವಳ ಎದೆಯ ಮೇಲೆ ಕೈಯಿಟ್ಟು ಕಾದೆ. ಹದಿನೆಂಟು ವರ್ಷವಾದರೂ ಆ ಒಂದೆರಡು ಗಳಿಗೆ ನನ್ನ ಉಸಿರೇ ನಿಂತಿರುತ್ತದೆ.

ಆಮೇಲೆ ಕಿರುಚಿದಳು ನೋಡಿ! ಹೊರಗೆ ತಂದು ಅಜ್ಜಿಯ ಪಕ್ಕ ಮಲಗಿಸಿದರೂ ನಿಲ್ಲಿಸಲಿಲ್ಲ, ಆಸ್ಪತ್ರೆ ಹಾರಿಹೋಗುವ ಹಾಗೆ ಒಂದೇ ಸಮನೆ ಅಳು.

ಆಂಡಾಳಮ್ಮ ನನ್ನನ್ನು ನೋಡಿ ಗಾಬರಿಯಾದರು. "ಶ್! ಸುಮ್ನಿರು ಕಂದಾ, ಡಾಕ್ಟ್ರಮ್ಮ ಬೈತಾರೆ."

"ಅಳ್ಲಿ ಬಿಡಿ ಅಮ್ಮಾ," ಎಂದೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಸಂತೋಷಕ್ಕೆ. "ಇಷ್ಟು ಜೋರಾಗಿ ಅಳ್ತಾಳೆ ಅಂದ್ರೆ ಉಸಿರಿನ ದಾರಿ ಚೊಕ್ಕಟವಾಗಿದೆ ಅಂತ."

ಆಕೆ ಒಂದು ಕ್ಷಣ ಆ ಅಳುವನ್ನೇ ಕೇಳಿದರು. ಆಮೇಲೆ ಮೊಮ್ಮಗಳ ಕೆನ್ನೆ ಹಿಡಿದು, ಅಳುತ್ತಾ ನಗುತ್ತಾ ಕೂಗಿದರು:

"ಅಳು ನನ್ ತಾಯೀ, ಇನ್ನೂ ಜೋರಾಗಿ ಅಳು!"