ಖಾಲಿ ಮಣೆ ನೋಡಲು ಬಂದವರು

ಊರಿನಿಂದ ಯಾರಾದರೂ ಟೆಕ್ಸಾಸಿಗೆ ಬಂದರೆ ಅವರಿಗೆ ಏನೇನು ತೋರಿಸಬೇಕೆಂಬುದು ಆ ಕಾಲದ ಕನ್ನಡದವರಿಗೆಲ್ಲ ಬಾಯಿಪಾಠವಾಗಿತ್ತು. ಹ್ಯೂಸ್ಟನ್ನಿನಲ್ಲಿ ಛಾವಣಿ ಹೊದಿಸಿದ ದೊಡ್ಡ ಕ್ರೀಡಾಂಗಣ, ಚಂದ್ರನಿಗೆ ಜನರನ್ನು ಕಳಿಸಿದವರ ಆಫೀಸು. ಆಸ್ಟಿನ್ನಿನಲ್ಲಿ ಗುಲಾಬಿ ಕಲ್ಲಿನ ಕ್ಯಾಪಿಟಲ್, ಗುಡ್ಡದ ಮಗ್ಗುಲಿನ ಜಪಾನಿ ತೋಟ. ಇಷ್ಟೆಲ್ಲ ನೋಡಿ ಕಾಲು ಸೋತವರೂ ಕೊನೆಗೆ ಡಾಲಸ್ಸಿಗೆ ಹೋಗಲೇಬೇಕು ಎಂದು ಹಟ ಹಿಡಿಯುತ್ತಿದ್ದರು. ಡಾಲಸ್ಸಿನಲ್ಲಿ ಅವರು ನೋಡಬೇಕಿದ್ದದ್ದು ಒಂದು ರಸ್ತೆಯ ತಿರುವು, ಎದುರಿಗೆ ಹಳೇ ಇಟ್ಟಿಗೆ ಕಟ್ಟಡ, ಅದರ ಮೇಲಿನ ಮಹಡಿಯ ಒಂದು ಕಿಟಕಿ. ಆ ಕಿಟಕಿಯಿಂದ ಹಾರಿದ ಗುಂಡು ಅಮೆರಿಕದ ಅಧ್ಯಕ್ಷರಿಗೆ ಬಿದ್ದ ಜಾಗ ಅದು.

ತುಳಸಿ ಮೊದಲ ಸಲ ಅಲ್ಲಿಗೆ ಹೋದಾಗ ಜನ ಗುಂಪುಗುಂಪಾಗಿ ಕತ್ತೆತ್ತಿ ಆ ಕಿಟಕಿಯನ್ನೇ ನೋಡುತ್ತಿದ್ದರು. ಪಕ್ಕದಲ್ಲೇ ನೀರಿನ ಕೊಳವಿತ್ತು, ನೆರಳಿನ ಮರಗಳಿದ್ದವು, ಆ ಕಡೆ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಅಲ್ಲಿ ಈಗ ಏನಿದೆ ಎಂದು ಗಂಡನನ್ನು ಕೇಳಿದಳು. ಏನೂ ಇಲ್ಲ, ಬರೀ ಕಿಟಕಿ ಎಂದ ಶಿವಾನಂದ. ಅವನು ಆಸ್ಟಿನ್ನಿನ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್ ಓದಿ ಅಲ್ಲೇ ಪಾಠ ಹೇಳುತ್ತಿದ್ದವನು, ಜಗಳವೆಂದರೆ ಮಾರು ದೂರ ನಿಲ್ಲುವ ಮನುಷ್ಯ. ತುಳಸಿ ಕಿಟಕಿಯನ್ನು ಬಿಟ್ಟು ಅದನ್ನು ನೋಡುತ್ತಿದ್ದ ಮುಖಗಳನ್ನು ನೋಡುತ್ತ ನಿಂತಳು. ಚೆಂದದ ಜಾಗಕ್ಕೆ ಜನ ಒಂದು ಸಲ ಬರುತ್ತಾರೆ, ಕೆಟ್ಟದ್ದು ನಡೆದ ಜಾಗಕ್ಕಾದರೆ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಬರುತ್ತಾರೆ ಎಂದು ಅವಳಿಗೆ ಹೊಳೆದದ್ದು ಅಲ್ಲೇ. ಹೊಳೆದ ಕೂಡಲೇ ಅವಳಿಗೆ ಹ್ಯೂಸ್ಟನ್ನಿನ ಉಷಾರಾಣಿ ನೆನಪಾದಳು.

ಆ ಕತೆ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಅಮೆರಿಕಕ್ಕೆ ಬಂದ ಹೊಸದರಲ್ಲಿ, ಆಸ್ಟಿನ್ನಿನಲ್ಲಿ ಸೀಟು ಸಿಗುವ ಮೊದಲು, ತುಳಸಿ ಮತ್ತು ಶಿವಾನಂದ ಹ್ಯೂಸ್ಟನ್ನಿನ ಡಾಕ್ಟರ್ ವೆಂಕಟರಮಣ ಅವರ ಗ್ಯಾರೇಜಿನ ಮೇಲಿನ ಕೋಣೆಯಲ್ಲಿದ್ದರು. ಡಾಕ್ಟರ ಹೆಂಡತಿ ಉಷಾರಾಣಿ ಇವರಿಗೆ ಅನ್ನ ಹಾಕಿದ್ದಳು, ಚಳಿಗೆ ತನ್ನ ಹಳೇ ಕೋಟು ಕೊಟ್ಟಿದ್ದಳು. ಅದನ್ನೆಲ್ಲ ತುಳಸಿ ಇಲ್ಲವೆನ್ನುವವಳಲ್ಲ. ಉಷಕ್ಕ, ಉಷಕ್ಕ ಎಂದು ಅವಳ ಹಿಂದೆ ಮುಂದೆ ಸುತ್ತಿದವಳೇ.

ಆ ವರ್ಷ ನವರಾತ್ರಿಗೆ ಉಷಾರಾಣಿ ಗೊಂಬೆ ಕೂರಿಸಲು ಹೊರಟಳು. ಮೇಲಿನ ಮೆಟ್ಟಿಲಲ್ಲಿ ಕೂರಬೇಕಾದ ಪಟ್ಟದ ಗೊಂಬೆಗಳು, ಅಂದರೆ ರಾಜ ರಾಣಿಯ ಜೋಡಿ, ಅವಳ ಹತ್ತಿರ ಇರಲಿಲ್ಲ. ಮದುವೆಯಲ್ಲಿ ತಾಯಿ ಮಗಳಿಗೆ ಕೊಟ್ಟು ಕಳಿಸುವ ಜೋಡಿ ಅದು. ತುಳಸಿ ಹಿಂದೆಮುಂದೆ ನೋಡದೆ ಪೆಟ್ಟಿಗೆ ತೆರೆದು ತನ್ನ ಜೋಡಿಯನ್ನು ಕೊಟ್ಟಳು. ಅವು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳಿಗೆ ಬಂದ ರಕ್ತಚಂದನದ ಗೊಂಬೆಗಳು. ರಾಜನ ಬಲಗಾಲಿನ ತುದಿಯಲ್ಲಿ, ಹಲ್ಲು ಬರುವ ಕಾಲದಲ್ಲಿ ತುಳಸಿಯೇ ಕಚ್ಚಿದ ಗುರುತಿತ್ತು. ರಾಣಿಯ ಕಣ್ಣುಗಳನ್ನು ಅಮ್ಮ ಪ್ರತಿ ವರ್ಷ ಕಾಡಿಗೆಯಿಂದ ತಾನೇ ತಿದ್ದುತ್ತಿದ್ದಳು. ಹಾಗೆ ತಿದ್ದಿ ತಿದ್ದಿ ರಾಣಿಯ ಮುಖಕ್ಕೆ ಅಮ್ಮನದೇ ಒಂದು ನೋಟ ಬಂದುಬಿಟ್ಟಿತ್ತು.

ಹಬ್ಬ ಮುಗಿಯಿತು, ಗೊಂಬೆಗಳು ಮರಳಲಿಲ್ಲ. ಅಟ್ಟದ ಮೇಲಿಟ್ಟಿದ್ದೇನೆ, ಇಳಿಸಿ ಕೊಡುತ್ತೇನೆ ಎಂದಳು ಉಷಾರಾಣಿ. ಅಷ್ಟರಲ್ಲಿ ಡಾಕ್ಟರು ದೊಡ್ಡ ಮನೆ ತೆಗೆದುಕೊಂಡು ಶಿಫ್ಟ್ ಆದರು, ಆ ಗಡಿಬಿಡಿಯಲ್ಲಿ ಒಂದು ಡಬ್ಬವೇ ಕಳೆದುಹೋಯಿತೆಂದು ಸುದ್ದಿ ಬಂತು. ಅದೇ ಚಳಿಗಾಲದಲ್ಲಿ ಮೈಸೂರಿನಲ್ಲಿ ಅಮ್ಮ ತೀರಿಕೊಂಡಳು. ತುಳಸಿಗೆ ಹೋಗಲಾಗಲಿಲ್ಲ.

ಮರುವರ್ಷ ಹೊಸ ಮನೆಯಲ್ಲಿ ಗೊಂಬೆ ನೋಡಲು ಎಲ್ಲರಿಗೂ ಕರೆ ಬಂತು. ಆಗ ಆಸ್ಟಿನ್ನಿನಲ್ಲಿದ್ದ ತುಳಸಿಯೂ ಹೋದಳು. ಬಾಗಿಲಲ್ಲಿ ಬಿಳಿ ಕಂಬಗಳು, ಹಿಂದೆ ಈಜುಕೊಳ, ಹಾಲಿನಲ್ಲಿ ಮೇಲಿನ ಮೆಟ್ಟಿಲ ಮೇಲೆ ಹೊಸ ಮಖಮಲ್ಲು ಉಟ್ಟು ಕೂತಿದ್ದ ತನ್ನ ರಾಜ ರಾಣಿ. ತುಳಸಿ ಉಷಾರಾಣಿಯನ್ನು ಪಕ್ಕಕ್ಕೆ ಕರೆದು, ಡಬ್ಬ ಸಿಕ್ಕಿತೇ ಅಕ್ಕಾ ಎಂದು ಮೆಲ್ಲಗೆ ಕೇಳಿದಳು. ಉಷಾರಾಣಿ ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟಳು.

"ಎಲ್ಲಾ ಪಟ್ಟದ ಗೊಂಬೇನೂ ನೋಡೋಕೆ ಒಂದೇ ಥರ ಇರತ್ತೆ ಕಣೇ ತುಳಸಿ. ಇವು ನಮ್ಮಮ್ಮ ಕಳಿಸಿದ್ದು. ಪಾಪ, ಅಮ್ಮ ಹೋದಮೇಲೆ ನಿನಗೆ ಎಲ್ಲದರಲ್ಲೂ ಅಮ್ಮನೇ ಕಾಣ್ತಾಳೆ."

ಸುತ್ತ ಇದ್ದ ಹೆಂಗಸರು ಲೊಚಗುಟ್ಟಿದರು. ಯಾರೋ ಕನಿಕರದಿಂದ ಅವಳ ತಟ್ಟೆಗೆ ಇನ್ನೊಂದು ಸೌಟು ಕಡಲೆ ಉಸಲಿ ಹಾಕಿದರು. ತುಳಸಿ ಅದನ್ನು ತಲೆ ತಗ್ಗಿಸಿ ತಿಂದಳು. ಗೊಂಬೆ ಹೋದದ್ದಕ್ಕಿಂತ ಆ ಉಸಲಿ ತಿಂದದ್ದು ಅವಳ ಹೊಟ್ಟೆಯನ್ನು ಹೆಚ್ಚು ಉರಿಸಿತು. ಮನೆಗೆ ಬರುವಾಗ ಕಾರಿನಲ್ಲಿ, ಅನ್ನ ಹಾಕಿದವರ ಜೊತೆ ಎರಡು ಮರದ ಗೊಂಬೆಗೋಸ್ಕರ ಜಗಳವಾಡುತ್ತೀಯಾ ಎಂದು ಶಿವಾನಂದ ಕೇಳಿದ. ಅವಳು ಜಗಳವಾಡಲಿಲ್ಲ. ಕಾದಳು.

ಅವಳು ಕಾಯುತ್ತಿದ್ದ ವರ್ಷಗಳಲ್ಲಿ ಉಷಾರಾಣಿಯ ಗೊಂಬೆಗಳ ಹೆಸರು ಊರೂರಿಗೆ ಹಬ್ಬಿತು. ಮೆಟ್ಟಿಲು ಹೆಚ್ಚಿದವು, ಕರೆಂಟಿನಲ್ಲಿ ಓಡುವ ರೈಲು ಬಂತು. ಡಾಲಸ್ಸಿನವರು, ಆಸ್ಟಿನ್ನಿನವರು ಗಂಟೆಗಟ್ಟಲೆ ಡ್ರೈವ್ ಮಾಡಿಕೊಂಡು ಬರತೊಡಗಿದರು. ಊರಿನಿಂದ ಬಂದವರನ್ನು, ಕ್ರೀಡಾಂಗಣ ನೋಡಿದಿರಾ, ಉಷಾರಾಣಿಯ ಗೊಂಬೆ ನೋಡಿದಿರಾ ಎಂದು ಒಂದೇ ಉಸಿರಿನಲ್ಲಿ ಕೇಳುವ ಮಟ್ಟಕ್ಕೆ ಹೋಯಿತು. ಇಷ್ಟಾಗಿ ಮೇಲಿನ ಮೆಟ್ಟಿಲಲ್ಲಿ ಕೂತದ್ದು ಯಾರ ತಾಯಿಯ ಗೊಂಬೆ? ಅದನ್ನು ಕೇಳುವವರೇ ಇರಲಿಲ್ಲ.

ಡಾಲಸ್ಸಿನ ಕಿಟಕಿ ನೋಡಿ ಬಂದ ವರ್ಷ ತುಳಸಿ ತಾನೂ ಗೊಂಬೆ ಕೂರಿಸುವುದಾಗಿ ಎಲ್ಲರಿಗೂ ಫೋನ್ ಮಾಡಿದಳು. ಗೊಂಬೆಯ ಪಕ್ಕದಲ್ಲಿ ಪಾರ್ಕು ಮಾಡುವುದು ಮೈಸೂರಿನ ಕಡೆಯ ವಾಡಿಕೆಯಲ್ಲವೇ, ಅವಳು ಪಾರ್ಕಿನ ಬದಲು ಇಡೀ ಟೆಕ್ಸಾಸನ್ನೇ ಮಾಡಿದಳು. ಸ್ಟೀಲು ಬೋಗುಣಿ ಕವುಚಿ ಬಿಳಿ ಕಾಗದ ಅಂಟಿಸಿದರೆ ಕ್ರೀಡಾಂಗಣವಾಯಿತು. ಥರ್ಮೋಕೋಲು ಕೊಯ್ದು ಕ್ಯಾಪಿಟಲ್ ನಿಲ್ಲಿಸಿ, ಕಲ್ಲಿನ ಬಣ್ಣ ಬರಲೆಂದು ನೀರಿಗೆ ಕುಂಕುಮ ಕದಡಿ ಬಳಿದಳು. ತಟ್ಟೆಗಳಲ್ಲಿ ಸಾಸಿವೆ ಮೊಳಕೆ ಬರಿಸಿ ಜಪಾನಿ ತೋಟ ಮಾಡಿದಳು. ಚಪ್ಪಲಿ ಡಬ್ಬಕ್ಕೆ ಇಟ್ಟಿಗೆ ಬಣ್ಣ ಹಚ್ಚಿ ಒಂದು ಕಿಟಕಿ ಕತ್ತರಿಸಿ ತೆರೆದಿಟ್ಟಳು. ಹ್ಯೂಸ್ಟನ್ನಿನ ಕಡೆ, ಬೋಗುಣಿಯ ಪಕ್ಕದಲ್ಲಿ, ಬಿಳಿ ಕಂಬಗಳ ಒಂದು ಮನೆ ಎದ್ದಿತು. ಹಿಂದಿನ ಈಜುಕೊಳಕ್ಕೆ ತನ್ನ ಕೈಗನ್ನಡಿಯನ್ನೇ ಮಲಗಿಸಿದಳು.

ಎಲ್ಲಕ್ಕೂ ಮೇಲೆ, ಪಟ್ಟದ ಗೊಂಬೆಗಳು ಇರಬೇಕಾದ ಕಡೆ, ರೇಷ್ಮೆ ಹಾಸಿದ ಎರಡು ಮಣೆಗಳನ್ನು ಖಾಲಿ ಇಟ್ಟು ಅವಕ್ಕೇ ಹೂವೇರಿಸಿದಳು.

ಬಂದವರೆಲ್ಲ ಬೋಗುಣಿ ನೋಡಿ ನಕ್ಕರು, ಸಾಸಿವೆ ತೋಟವನ್ನು ಹೊಗಳಿದರು, ಕಂಬದ ಮನೆಯ ಗುರುತು ಹಿಡಿದು ಚಪ್ಪಾಳೆ ತಟ್ಟಿದರು. ಆಮೇಲೆ ಕಣ್ಣು ಮೇಲಿನ ಖಾಲಿ ಮಣೆಗಳ ಕಡೆಗೆ ಹೋಯಿತು. ರಾಜ ರಾಣಿಯಿಲ್ಲದೆ ಗೊಂಬೆ ಕೂರಿಸುವುದನ್ನು ಯಾರಾದರೂ ಕಂಡಿದ್ದರೇ? ಪಟ್ಟದ ಗೊಂಬೆ ಎಲ್ಲಿ ಎಂದು ಕೇಳಿದ ಪ್ರತಿಯೊಬ್ಬರಿಗೂ ತುಳಸಿ ಕುಂಕುಮದ ಬಟ್ಟಲು ಮುಂದೆ ಹಿಡಿದು ನಗುನಗುತ್ತ ಅದೇ ಮಾತು ಹೇಳಿದಳು.

"ಅವು ಉಷಕ್ಕನ ಮನೇಲಿವೆ. ರಾಜನ ಬಲಗಾಲಲ್ಲಿ ನನ್ನ ಹಾಲುಹಲ್ಲಿನ ಗುರುತಿದೆ, ಹೋದಾಗ ನೋಡ್ಕೊಂಡು ಬನ್ನಿ."

ಕದ್ದಳು ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಆ ನವರಾತ್ರಿಯಲ್ಲಿ ಹ್ಯೂಸ್ಟನ್ನಿನ ಮನೆಗೆ ಹೋದಷ್ಟು ಜನ ಹಿಂದೆ ಎಂದೂ ಹೋಗಿರಲಿಲ್ಲ. ಉಷಾರಾಣಿ ಮೊದಲು ಹಿಗ್ಗಿದಳಂತೆ, ಕಡಲೆಯ ಟಿನ್ನುಗಳನ್ನು ಮತ್ತೆ ಮತ್ತೆ ತರಿಸಿದಳಂತೆ. ಆದರೆ ಬಂದವರು ರೈಲು ನೋಡಲಿಲ್ಲ, ಮೆಟ್ಟಿಲು ನೋಡಲಿಲ್ಲ. ನಮಸ್ಕಾರ ಮಾಡುವ ನೆಪದಲ್ಲಿ ಬಗ್ಗಿ ರಾಜನ ಮಖಮಲ್ಲಿನ ಅಂಚು ಸರಿಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಉಸಲಿ ಮುಟ್ಟದೆ ಎದ್ದು ಹೊರಟರು. ಇದನ್ನೆಲ್ಲ ತುಳಸಿಗೆ ಫೋನಿನಲ್ಲಿ ಹೇಳಿದವರು ಲಲಿತಮ್ಮ. ಅವರು ಡಾಲಸ್ಸಿನಲ್ಲಿ ಎಂಜಿನಿಯರ್ ಆಗಿದ್ದ ಮಗನ ಮನೆಗೆ ಮೈಸೂರಿನಿಂದ ಬಂದಿದ್ದ ಹಿರಿಯರು, ಮನಸ್ಸಿಗೆ ಬಂದದ್ದನ್ನು ನುಂಗಿಕೊಂಡು ಅಭ್ಯಾಸವಿಲ್ಲದವರು. ತುಂಬಿದ ಹಾಲಿನಲ್ಲಿ ರಾಜನನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮಮ್ಮ ಕಳಿಸಿದ್ದು ಅಂದ್ಯಲ್ಲ ಉಷಾ, ಇದು ನಿನ್ನ ಹಲ್ಲೇನಮ್ಮ?"

ಉಷಾರಾಣಿ ಒಳಗೆ ಹೋದವಳು ಎಲ್ಲರೂ ಹೋಗುವವರೆಗೂ ಹೊರಗೆ ಬರಲಿಲ್ಲವಂತೆ. ತುಳಸಿ ಫೋನು ಇಟ್ಟು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕಳು. ಆ ದಿನ ಅವಳಿಗೆ ಎರಡು ತುತ್ತು ಹೆಚ್ಚೇ ಸೇರಿತು.

ಮರುವರ್ಷ ಕಂಬದ ಮನೆಯಲ್ಲಿ ಗೊಂಬೆ ಕೂರಿಸಲಿಲ್ಲ. ಜನ ಮಾತ್ರ ಬಿಡಲಿಲ್ಲ. ಚಂದ್ರನ ಆಫೀಸಿಗೆ ಹೋಗುವ ದಾರಿಯಲ್ಲಿ ಕಾರು ನಿಧಾನ ಮಾಡಿ, ಅದೇ ಆ ಮನೆ ಎಂದು ಊರಿನಿಂದ ಬಂದವರಿಗೆ ಬೆರಳು ಮಾಡಿ ತೋರಿಸುತ್ತಿದ್ದರು. ತುಳಸಿಯ ಖಾಲಿ ಮಣೆ ನೋಡಲು ಬರುವವರಂತೂ ಹೆಚ್ಚುತ್ತಲೇ ಹೋದರು. ಕಾರು ನಿಲ್ಲಿಸಲು ಜಾಗ ಸಾಲದೆ ಪಕ್ಕದ ಮನೆಯವರು ಗೊಣಗುವಂತಾಯಿತು.

ಅದರ ಮುಂದಿನ ವರ್ಷ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ತುಳಸಿಯ ಮನೆಯ ಮುಂದೆ ಡಾಕ್ಟರ ದೊಡ್ಡ ಕಾರು ಬಂದು ನಿಂತಿತು. ಡಾಕ್ಟರು ಇಳಿಯಲಿಲ್ಲ. ಉಷಾರಾಣಿ ಸಣ್ಣ ನೀಲಿ ಪೆಟ್ಟಿಗೆಯೊಂದನ್ನು ಎದೆಗೆ ಒತ್ತಿಕೊಂಡು ಒಳಗೆ ಬಂದಳು. ತಲೆಗೂದಲು ಕಿವಿಯ ಹತ್ತಿರ ನರೆತಿತ್ತು. ತುಳಸಿ ಕೂರಿಸಿದಳು, ಕಾಫಿ ಕೊಟ್ಟಳು. ಪೆಟ್ಟಿಗೆ ಮೇಜಿನ ಮೇಲೆ ಬಂತು.

"ತಗೊಳ್ಳಿ, ನಿಮ್ಮದೇ," ಎಂದಳು ಉಷಾರಾಣಿ. ನೀನು ಎನ್ನುತ್ತಿದ್ದವಳು ಮೊದಲ ಸಲ ನೀವು ಎಂದಿದ್ದಳು. ಆಮೇಲೆ ಕಾಫಿ ಲೋಟ ನೋಡುತ್ತ ಉಳಿದದ್ದನ್ನೂ ಹೇಳಿದಳು. ಡಾಕ್ಟರನ್ನು ಅವಳು ಮದುವೆಯಾದದ್ದು ಮನೆಯವರ ಒಪ್ಪಿಗೆಯಿಲ್ಲದೆ. ತಾಯಿ ಬಾಗಿಲಿಗೂ ಬಂದಿರಲಿಲ್ಲ, ಪಟ್ಟದ ಗೊಂಬೆಯ ಮಾತು ದೂರ ಉಳಿಯಿತು. ತುಳಸಿಯ ಗೊಂಬೆ ಕೂರಿಸಿದ ಆ ಮೊದಲ ಹಬ್ಬದಲ್ಲಿ ಹೆಂಗಸರೆಲ್ಲ, ನಿಮ್ಮಮ್ಮ ಕೊಟ್ಟದ್ದಾ, ಎಷ್ಟು ಚೆನ್ನಾಗಿವೆ ಎಂದರು. ಹೌದು ಎಂದುಬಿಟ್ಟಳು. ಒಮ್ಮೆ ಹೌದು ಎಂದಮೇಲೆ ಹಿಂದಿರುಗಿಸುವುದು ಹೇಗೆಂದು ತಿಳಿಯಲಿಲ್ಲ.

ತುಳಸಿಗೆ ಒಂದು ಗಳಿಗೆ ಕನಿಕರವಾದದ್ದು ನಿಜ. ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಹತ್ತಿಯಲ್ಲಿ ಸುತ್ತಿದ್ದ ರಾಜನ ಬಲಗಾಲು ಹುಡುಕಿ ಹೆಬ್ಬೆರಳಿನಿಂದ ಸವರಿದಳು. ಹಲ್ಲಿನ ಗುರುತು ಹಾಗೇ ಇತ್ತು. ಆ ಗುರುತು ಕೈಗೆ ತಗುಲಿದ್ದೇ ತಡ, ಅಂದಿನ ಉಸಲಿ ಮತ್ತೆ ಗಂಟಲಿಗೆ ಬಂತು, ಲೊಚಗುಟ್ಟಿದ ಬಾಯಿಗಳೆಲ್ಲ ಕಿವಿಯಲ್ಲಿ ಕೇಳಿದವು. ಅವಳು ಹತ್ತಿಯನ್ನು ಒಳಗೆ ಸೇರಿಸಿ ಮುಚ್ಚಳ ಒತ್ತಿ, ಪೆಟ್ಟಿಗೆಯನ್ನು ಮೇಜಿನ ಆ ಕಡೆಗೆ ತಳ್ಳಿದಳು.

"ಎಲ್ಲಾ ಪಟ್ಟದ ಗೊಂಬೇನೂ ನೋಡೋಕೆ ಒಂದೇ ಥರ ಇರತ್ತೆ ಅಕ್ಕಾ. ಇವು ನಿಮ್ಮಮ್ಮ ಕಳಿಸಿದ್ದು. ನನಗೆ ಅಮ್ಮ ಎಲ್ಲದರಲ್ಲೂ ಕಾಣ್ತಾಳೆ, ಅದಕ್ಕೆ ನೀವು ಯಾಕೆ ಕೊಡಬೇಕು?"

ಉಷಾರಾಣಿ ಕೈ ಮುಗಿಯಲು ಹೋದಳು. ತುಳಸಿ ಆ ಕೈಗಳಿಗೆ ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಇಟ್ಟು, ಹಣೆಗೆ ಕುಂಕುಮ ಹಚ್ಚಿ, ಮುತ್ತೈದೆಯನ್ನು ಕಳಿಸಬೇಕಾದ ರೀತಿಯಲ್ಲೇ ಬಾಗಿಲವರೆಗೂ ಕಳಿಸಿದಳು. ಪೆಟ್ಟಿಗೆಯನ್ನು ತಾನೇ ಹೊತ್ತು ಹೋಗಿ ಕಾರಿನ ಸೀಟಿನ ಮೇಲಿಟ್ಟಳು. ಡಾಕ್ಟರು ಎದುರಿನ ರಸ್ತೆಯನ್ನೇ ನೋಡುತ್ತಿದ್ದರು.

ವಿಷಯ ತಿಳಿದು ಶಿವಾನಂದ ಮೊದಲ ಸಲ ಹೆಂಡತಿಯ ಮೇಲೆ ದನಿಯೇರಿಸಿದ. ಅವರಾಗಿಯೇ ಕೊಡಲು ಬಂದಾಗ ತೆಗೆದುಕೊಳ್ಳಬೇಕಿತ್ತು, ಇನ್ನು ಯಾವ ಕಾಲಕ್ಕೆ ಎಂದ.

"ತಗೊಂಡಿದ್ರೆ ಅವಳಿಗೆ ನಿದ್ದೆ ಬರ್ತಿತ್ತು," ಎಂದಳು ತುಳಸಿ.

ಆ ಚಳಿಗಾಲಕ್ಕೆ ಮುಂಚೆ ಡಾಕ್ಟರು ಮನೆ ಮಾರಿ ಕ್ಯಾಲಿಫೋರ್ನಿಯಾಕ್ಕೆ ಹೋಗುತ್ತಾರೆಂದು ಸುದ್ದಿ ಬಂತು, ಗೊಂಬೆಗಳೂ ಅವರ ಜೊತೆಗೇ. ನವರಾತ್ರಿಯೂ ಬಂತು. ತುಳಸಿ ಬೋಗುಣಿ ಕವುಚಿದಳು, ಸಾಸಿವೆ ಬಿತ್ತಿದಳು, ಮಣೆಗಳನ್ನು ಒರೆಸಿದಳು. ರೇಷ್ಮೆ ಹಾಸುವಾಗ, ಇಲ್ಲಿ ರಾಣಿ ಕೂರುತ್ತಿದ್ದಳು ಎಂದುಕೊಂಡು ಆ ಮುಖವನ್ನು ನೆನೆಯಲು ಹೋದಳು. ಬರಲಿಲ್ಲ. ಅಮ್ಮ ತಿದ್ದುತ್ತಿದ್ದ ಆ ಕಣ್ಣುಗಳು ಎಡಕ್ಕೆ ಸ್ವಲ್ಪ ವಾಲಿದ್ದವೋ ಬಲಕ್ಕೋ ಎಂಬುದೂ ತಿಳಿಯಲಿಲ್ಲ. ಬೇಸಿಗೆಯಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದಾಗ ರಾಣಿ ಅಲ್ಲೇ, ರಾಜನ ಪಕ್ಕದಲ್ಲೇ ಮಲಗಿದ್ದಳು. ಹತ್ತಿಯನ್ನು ಒಂದು ಬೆರಳಿನಷ್ಟು ಸರಿಸಿದ್ದರೆ ಸಾಕಿತ್ತು. ತುಳಸಿ ಹುಡುಕಿದ್ದು ಹಲ್ಲಿನ ಗುರುತನ್ನು ಮಾತ್ರ, ಊರಿನ ಜನರೆಲ್ಲ ಬಗ್ಗಿ ಹುಡುಕಿದ್ದನ್ನೇ.

ಅವಳು ಹಾಸಬೇಕಿದ್ದ ರೇಷ್ಮೆಯನ್ನು ತೊಡೆಯ ಮೇಲಿಟ್ಟುಕೊಂಡು ಮಣೆಯ ಮುಂದೆ ಕೂತಳು. ಅಷ್ಟರಲ್ಲಿ ಹೊರಗೆ ಕಾರುಗಳ ಬಾಗಿಲು ಹಾಕಿದ ಸದ್ದಾಯಿತು. ಡಾಲಸ್ಸಿನಿಂದ ಹೊಸಬರು ಬಂದಿದ್ದರು, ಖಾಲಿ ಮಣೆ ನೋಡಲು.